ಕೈ ಹಿಂದೆ ಕಟ್ಟಿದ ಮೇಡಂ

ವಿಜ್ಞಾನದ ಮೇಡಂ ಮಕ್ಕಳ ಮೇಜಿನ ಹತ್ತಿರ ಬಂದರೆಂದರೆ ಅವರ ಎರಡೂ ಕೈಗಳು ತಾವಾಗಿಯೇ ಬೆನ್ನ ಹಿಂದಕ್ಕೆ ಹೋಗುತ್ತಿದ್ದವು. ಅಲ್ಲಿ ಎಡ ಮಣಿಕಟ್ಟನ್ನು ಬಲಗೈ ಕಳ್ಳನನ್ನು ಹಿಡಿದಂತೆ ಅದುಮಿ ಹಿಡಿದಿರುತ್ತಿತ್ತು. ನಡಿಗೆಯೋ ಪಡೆಯ ತಪಾಸಣೆಗೆ ಬಂದ ಅಧಿಕಾರಿಯದು. ಮೈಮೇಲೆ ಬಣ್ಣ ಮಾಸಿದ ನೀಲಿ ಕೋಟು, ಅದರ ಜೇಬಿನಲ್ಲೊಂದು ಟೆಸ್ಟರ್. ಅದು ಹೊರಬಂದದ್ದನ್ನು ನಾನು ಕಂಡವನಲ್ಲ. ಮಕ್ಕಳು ಏನು ಕೇಳಿದರೂ ಹುಬ್ಬೇರಿಸಿ ಕೊಡುತ್ತಿದ್ದ ಉತ್ತರ ಒಂದೇ: "ನೀನೇನು ನೋಡಿದೆ, ಅದನ್ನ ಹೇಳು."

ಶಾಲೆಯೆದುರು ಮೋಟಾರು ರಿಪೇರಿಯ ಅಂಗಡಿಯಿಟ್ಟುಕೊಂಡು, ಯಾವ ಗುರುವಿನ ಹಂಗೂ ಇಲ್ಲದೆ, ಸುಟ್ಟ ಮೋಟಾರುಗಳ ಹೊಟ್ಟೆ ಬಗೆದೇ ಕಸುಬು ಕಲಿತವನು ನಾನು. ಹಳೆಯ ಆಟಿಕೆಗಳಿಂದ ಪುಟ್ಟ ಮೋಟಾರುಗಳನ್ನು ಬಿಚ್ಚಿ ಮಕ್ಕಳ ರೋಬೋಟಿಗೆಂದು ಕೊಡಲು ಹೋದಾಗಲೇ ಈ ಹೆಂಗಸಿನ ಹಟದ ಪರಿಚಯವಾದದ್ದು. ನಾಲ್ಕು ಮಕ್ಕಳ ತಂಡ. ಅವರ ರೋಬೋಟು ಮುಂದಕ್ಕೆ ಹೋಗು ಎಂದರೆ ನಿಂತಲ್ಲೇ ಬುಗುರಿಯಂತೆ ಸುತ್ತುತ್ತಿತ್ತು. 'ವಕೀಲ' ಎಂದೇ ಹೆಸರಾದ ಹುಡುಗ, ತಪ್ಪೆಲ್ಲ ಪ್ರೋಗ್ರಾಮಿನಲ್ಲೇ ಇದೆಯೆಂದು ವಾದಿಸಿ, ಉಳಿದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಮೂರು ದಿನ ಒಂದೊಂದು ಸಾಲನ್ನೂ ಜಾಲಾಡಿಸಿದ್ದ. ನನಗೋ ನೋಡಿದ ಕೂಡಲೇ ಹೊಳೆಯಿತು: ಎರಡು ಮೋಟಾರುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂತಿವೆ, ಎರಡಕ್ಕೂ ಒಂದೇ ರೀತಿ ವೈರು ಕೊಟ್ಟರೆ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಕೈ ತುರಿಸಿತು, ಚಾಚಿದೆ.

"ಯಜಮಾನ್ರೇ, ಕೈ ಹಿಂದೆ!"

ಮೇಡಂ ನನ್ನನ್ನು ಹೊರಗಿನ ಮೊಗಸಾಲೆಗೆ ಎಳೆದುಕೊಂಡೇ ಹೋದರು.

"ಒಂದು ಮೋಟಾರಿನ ವೈರು ಅದಲುಬದಲು ಮಾಡಿದ್ರೆ ಮುಗೀತಲ್ಲ ಮೇಡಂ!"

"ನಂಗೆ ಮೊದಲನೇ ದಿನಾನೇ ಗೊತ್ತು. ನಿಮಗಿದನ್ನ ಯಾರು ಹೇಳಿಕೊಟ್ರು?"

"ಯಾರು ಹೇಳ್ಕೊಡ್ತಾರೆ? ಕೈ ಸುಟ್ಕೊಂಡೇ ಕಲ್ತೆ."

"ಮತ್ತೆ ಇವರ ಪಾಲಿನದನ್ನ ಯಾಕೆ ಕಿತ್ಕೋತೀರಿ?"

ಚಾಚಿದ್ದ ಕೈಯನ್ನು ಜೇಬಿಗಿಳಿಸಿ ಅಂಗಡಿಗೆ ಮರಳಿದೆ.

ಶಾಲೆಯ ವಿಜ್ಞಾನ ಪ್ರದರ್ಶನದ ದಿನವೂ ರೋಬೋಟು ಸುತ್ತುತ್ತಲೇ ಇತ್ತು. ಅತಿಥಿಗಳು ಗೇಟಿನೊಳಗೆ ಬಂದಾಗಿತ್ತು. ಮಕ್ಕಳು ರೋಬೋಟು ಕಟ್ಟುತ್ತಿದ್ದ ಕೋಣೆಯನ್ನು ಕಚೇರಿಯ ಕಡತಗಳಿಗೆ ಬಿಟ್ಟುಕೊಡಬೇಕೆಂಬ ಒತ್ತಾಯ ವರ್ಷದಿಂದ ಇದ್ದದ್ದೇ; ಹೆಡ್‌ಮಾಸ್ಟರು ಬೆವರೊರೆಸಿಕೊಳ್ಳುತ್ತ ಓಡಿಬಂದರು.

"ಮೇಡಂ, ನಿಮ್ಮ ವ್ರತ ನಾಳೆಯಿಂದ ಇಟ್ಕೊಳ್ಳಿ. ಇವತ್ತು ಇದು ಓಡದಿದ್ರೆ ಈ ಕೋಣೆ ಹೋಯ್ತು ಅಂತಲೇ ತಿಳ್ಕೊಳ್ಳಿ."

"ನಂಗಿದು ಎರಡು ನಿಮಿಷದ ಕೆಲಸ ಸರ್. ಆಮೇಲೆ ಏನು ಕೆಟ್ರೂ ಇವರು ನನ್ನ ಮುಖ ನೋಡ್ತಾರಲ್ಲ, ಅದನ್ನ ಬಿಡಿಸೋಕೆ ಎರಡು ವರ್ಷ ಸಾಲಲ್ಲ."

"ಬಂದವರಿಗೆ ಏನಂತ ಹೇಳ್ಲಿ?"

"ಇನ್ನೂ ಓಡ್ತಿಲ್ಲ ಅನ್ನಿ. ನಿಜ ತಾನೇ?"

ಬಂದವರು ನೋಡಿದರು. ಒಬ್ಬರು, "ನಾಟ್ಯ ಚೆನ್ನಾಗಿ ಕಲಿಸಿದ್ದೀರಿ" ಎಂದು ಚುಚ್ಚಿದರು; ಎಲ್ಲರೂ ಚಹಾ ಕುಡಿಯಲು ಹೋದರು. ಮಕ್ಕಳ ಮುಖ ಹುಳ್ಳಗಾಗಿತ್ತು. ಮೇಡಂ ಮುಖವೇನೂ ಅರಳಿರಲಿಲ್ಲ. ಕಚ್ಚಿದ ತುಟಿ ಬೆಳ್ಳಗಾಗಿತ್ತು. ಆಗ ತಂಡದಲ್ಲಿ ಅಷ್ಟು ದಿನ ಸೊಲ್ಲೆತ್ತದ 'ಗುಬ್ಬಿ' ಎಂಬ ಹುಡುಗಿ ಸಿಟ್ಟಿನಿಂದ ರೋಬೋಟನ್ನು ಅಂಗಾತ ಕೆಡವಿದಳು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು.

"ಲೋ ವಕೀಲ, ಇಲ್ನೋಡೋ! ಒಂದು ಆ ಕಡೆ, ಒಂದು ಈ ಕಡೆ!"

"ಅದು ಪ್ರೋಗ್ರಾಮಲ್ಲಿ..."

"ಮುಚ್ಚೋ ಬಾಯಿ! ವೈರು ಬಿಚ್ಚು!"

ಐದು ನಿಮಿಷಕ್ಕೆ ರೋಬೋಟು ನೆಟ್ಟಗೆ ಹೋಗಿ ಗೋಡೆಗೆ ಢೀ ಕೊಟ್ಟಿತು. ನಾಲ್ವರೂ ಎಬ್ಬಿಸಿದ ಗಲಾಟೆ ಚಹಾ ಕುಡಿಯುವವರಿಗೂ ಕೇಳಿರಬೇಕು. ಯಾರೂ ಎದ್ದು ಬರಲಿಲ್ಲ.

ಕೋಣೆ ಹೋಯಿತು. ಸೋಮವಾರ ಕಡತದ ಗಂಟುಗಳು ಬಂದಿಳಿದವು. ಮಂಗಳವಾರ ಮೇಡಂ ಮೇಜುಗಳನ್ನು ಮಕ್ಕಳಿಂದ ಮೆಟ್ಟಿಲ ಕೆಳಗಿನ ಖಾಲಿ ಜಾಗಕ್ಕೆ ಎಳೆಸಿ, ಅಲ್ಲಿಗೊಂದು ಬಲ್ಬಿನ ಹೋಲ್ಡರು ಬೇಕೆಂದು ನನ್ನಂಗಡಿಗೆ ಬಂದರು.

"ಹೆಡ್‌ಮಾಸ್ಟರು ಒಪ್ಪಿಗೆ ಕೊಟ್ರಾ?" ಎಂದೆ.

"ಕೇಳಿದ್ರೆ ತಾನೇ ಕೊಡೋದು!"

ಇಂಥ ಜನ ಎಲ್ಲ ಕಸುಬಿನಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವರನ್ನು ಕಲ್ಲೆದೆಯವರೆನ್ನುತ್ತೇವೆ, ಅಹಂಕಾರಿಗಳೆನ್ನುತ್ತೇವೆ. ಕರೆಯದೆಯೂ ನೆರವಿಗೆ ಧಾವಿಸುವ ನಮ್ಮಂಥವರಿಗೆ ಲೋಕ ನಮಸ್ಕಾರ ಹಾಕುತ್ತದೆ. ಎಳೆಯರೆದುರು ಜಾಣನೆನಿಸಿಕೊಳ್ಳುವ ಆಸೆಯನ್ನು ನುಂಗುವುದು ಎಷ್ಟು ಕಷ್ಟವೆಂಬುದು ನನ್ನಂಥ ಜಂಬಗಾರನಿಗೆ ಚೆನ್ನಾಗಿ ಗೊತ್ತು. ಇಂಥವರಿಂದ ಕೋಣೆ ಕಿತ್ತುಕೊಳ್ಳಬಹುದು, ಹೆಸರು ಕೆಡಿಸಬಹುದು. ಕೋಣೆಗೋಸ್ಕರ ಬಾಗುವ ಜನವಲ್ಲ ಅವರು.