ಬೋರಲಿಟ್ಟ ಕಾಗದಗಳು

ಒಂದು ಹನಿ ಶಾಯಿ ಚೆಲ್ಲಿದ್ದಕ್ಕೆ ಮಕ್ಕಳನ್ನು ಗದರಿದವರೇ ಅಲ್ಲವೇ ನೀವು? ಹಾಗಿರುವಾಗ, ನಿಮ್ಮ ಮೇಜಿನ ಮೇಲೆ ಕುಳಿತ ಯಂತ್ರವೊಂದು ನೀವು ಕೊಂಡು ತಂದ ಶಾಯಿಯನ್ನು ನಿಮ್ಮ ಕಣ್ಣೆದುರೇ ಕುಡಿದು ಮುಗಿಸುತ್ತಿದ್ದರೂ ಅದನ್ನೇಕೆ ಒಮ್ಮೆಯೂ ಪ್ರಶ್ನಿಸಲಿಲ್ಲ? ನಾನು ಪ್ರಶ್ನಿಸಿದೆ. ಆದರೆ ಪ್ರಶ್ನಿಸಬಾರದ ಹೊತ್ತಿನಲ್ಲಿ ಪ್ರಶ್ನಿಸಿದೆ. ಅದಕ್ಕೆ ಬೆಲೆ ತೆತ್ತವಳು ನನ್ನ ಅಕ್ಕ.

ಅಕ್ಕನಿಗೆ ಈಗ ಎಪ್ಪತ್ತಾರು. ನನಗಿಂತ ಏಳು ವರ್ಷ ಹಿರಿಯಳು. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿ ಬದುಕಿದವರು. ನಿವೃತ್ತರಾದ ಮೇಲೆ ಮೂರನೆಯ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದೇವೆ. ಕಳೆದ ವರ್ಷ ಅವಳ ನೋಟದ ನಟ್ಟನಡುವೆ ಒಂದು ಮಸುಕು ಚುಕ್ಕೆ ಹುಟ್ಟಿತು. ಸುತ್ತಲಿನದೆಲ್ಲ ಕಾಣುತ್ತದೆ, ಯಾವುದನ್ನು ನೋಡಬೇಕೆಂದು ನೋಡುತ್ತಾಳೋ ಅದೊಂದೇ ಕಾಣುವುದಿಲ್ಲ. ಕಣ್ಣಿನ ವೈದ್ಯೆ ಸುತ್ತಿ ಬಳಸಿ ಮಾತನಾಡಲಿಲ್ಲ.

"ಅಕ್ಷರ ದೊಡ್ಡದಿದ್ರೆ ಇನ್ನೊಂದಾರು ತಿಂಗಳು ಓದ್ಬಹುದು. ಓದೋದೇನಾದ್ರೂ ಬಾಕಿ ಇದ್ರೆ ಮುಂದಕ್ಕೆ ಹಾಕ್ಬೇಡಿ," ಎಂದರು.

ಬಾಕಿ ಇತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಅಕ್ಕ ಶಿಕ್ಷಕಿಯರ ತರಬೇತಿಗೆಂದು ದೂರದ ಊರಿನ ಹಾಸ್ಟೆಲಿನಲ್ಲಿ ಎರಡು ವರ್ಷ ಇದ್ದಳು. ಆಗ ಅಮ್ಮ ಅವಳಿಗೆ ಬರೆದ ಮೂವತ್ತಮೂರು ಕಾಗದಗಳು ಒಂದು ತಗಡಿನ ಡಬ್ಬಿಯಲ್ಲಿದ್ದವು. "ಆಗ ಮನೆ ನೆನಪಾಗಿ ಅಳು ಬರುತ್ತೆ ಅಂತ ಬರೀ ಕಣ್ಣೋಡಿಸಿ ಓದಿದ್ದು," ಎನ್ನುತ್ತಿದ್ದಳು ಅಕ್ಕ. "ಈಗ ನಾನು ಆಗಿನ ಅಮ್ಮನಿಗಿಂತ ದೊಡ್ಡವಳು. ಒಂದ್ಸಲ ನಿಧಾನವಾಗಿ ಓದ್ಬೇಕು." ಈ ನಿಧಾನ ಅವಳಿಗೆ ಐವತ್ತೇಳು ವರ್ಷ ಸಿಕ್ಕಿರಲಿಲ್ಲ.

ಅಮ್ಮ ಆ ಕಾಗದಗಳನ್ನು ಬರೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ನನ್ನ ಸ್ಲೇಟನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಹಾಳೆ ಹರಡಿ, ಸೆರಗಿನ ತುದಿಯಲ್ಲಿ ನಿಬ್ಬು ಒರೆಸಿಕೊಳ್ಳುತ್ತಿದ್ದಳು. ಇಡೀ ಮನೆಗೆ ಒಂದೇ ಶಾಯಿಬಾಟಲಿ. ಅಪ್ಪನ ಕಚೇರಿಯ ಕೆಲಸಕ್ಕೂ ಅದೇ, ನನ್ನ ಕಾಪಿಪುಸ್ತಕಕ್ಕೂ ಅದೇ. ತಿಂಗಳ ಕೊನೆಗೆ ತಳ ಕಂಡಾಗ ಅಮ್ಮ ಅದಕ್ಕೆ ಎರಡು ಚಮಚ ನೀರು ಹಾಕಿ ಕುಲುಕುತ್ತಿದ್ದಳು. ಹೀಗಾಗಿ ತಿಂಗಳ ಮೊದಲ ವಾರದ ಕಾಗದ ನೇರಳೆಹಣ್ಣಿನಂತೆ ಕಡುಬಣ್ಣ, ಕೊನೆಯ ವಾರದ್ದು ಹತ್ತಾರು ಸಲ ಒಗೆದ ಅಂಗಿಯಂತೆ ತಿಳಿನೀಲಿ. ಹಾಳೆ ತುಂಬಿದರೆ ಅಂಚಿನಲ್ಲಿ ಬರೆಯುತ್ತಿದ್ದಳು. ಅಂಚೂ ತುಂಬಿದರೆ ಹಾಳೆಯನ್ನು ತಲೆಕೆಳಗು ಮಾಡಿ ಸಾಲುಗಳ ನಡುವೆ ತೂರುತ್ತಿದ್ದಳು. ಒಂದು ಇರುವೆ ನಡೆದುಹೋಗುವಷ್ಟೂ ಜಾಗ ಉಳಿಯುತ್ತಿರಲಿಲ್ಲ.

"ಏನಮ್ಮಾ ಬರೀತಿದೀಯ?" ಎಂದು ನಾನು ಇಣುಕಿದರೆ, "ನಿನ್ನ ಮೇಲೆ ಚಾಡಿ," ಎಂದು ಹಾಳೆಯನ್ನು ಬೋರಲು ಹಾಕುತ್ತಿದ್ದಳು. ನಾನು ಆ ಕಡೆ ಹೋಗುವವರೆಗೂ ಅದನ್ನು ತಿರುಗಿಸುತ್ತಿರಲಿಲ್ಲ.

ವೈದ್ಯೆಯ ಬಳಿಯಿಂದ ಬಂದ ದಿನ ನಾನು ಅಕ್ಕನಿಗೆ ಹೇಳಿದೆ: "ಅದಕ್ಯಾಕೆ ಯೋಚನೆ? ನಾನೇ ಓದಿ ಹೇಳ್ತೀನಿ ಬಿಡೇ."

"ನೀನಾ? ಬೇಡಪ್ಪಾ. ಅಮ್ಮ ಬರೆದದ್ದು ನನಗೆ, ನಿನಗಲ್ಲ."

"ಐವತ್ತೇಳು ವರ್ಷ ಆಯ್ತಲ್ಲೇ. ಇನ್ನೇನು ಗುಟ್ಟು?"

"ಇಷ್ಟು ವರ್ಷ ಉಳಿದಿದೆಯಲ್ಲ, ಅದಕ್ಕೇ ಗುಟ್ಟು. ಅದೂ ಅಲ್ದೆ ನೀನು ಮೇಷ್ಟ್ರು ಕಣೋ. ಕೈಯಲ್ಲಿ ಕೆಂಪು ಪೆನ್ನು ಇಟ್ಕೊಂಡೇ ಓದ್ತೀಯ. ಅಮ್ಮನ ಕಾಗುಣಿತಕ್ಕೆ ಹತ್ತಕ್ಕೆ ನಾಲ್ಕು ಹಾಕ್ತೀಯ."

ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸೋಣವೆಂದೆ. ಅದಕ್ಕೂ ಒಪ್ಪಲಿಲ್ಲ. "ಅವನ ಗಾಜಿನ ಮೇಲೆ ಅಮ್ಮ ಮಲಗೋದು ಬೇಡ. ಅವನು ಓದಿ, ಪಕ್ಕದ ಕ್ಷೌರದಂಗಡಿಯವನಿಗೂ ಓದಿಸ್ತಾನೆ."

ಹೀಗೆ ನಮ್ಮ ಮನೆಗೆ ಪ್ರಿಂಟರ್ ಬಂತು. ಗಾಜಿನ ಮೇಲೆ ಬೋರಲಿಟ್ಟ ಕಾಗದವನ್ನು ಎರಡು ಪಟ್ಟು ಹಿಗ್ಗಿಸಿ ತೆಗೆದುಕೊಡುವ ಯಂತ್ರ. ಒಂದು ಜೊತೆ ಒಳ್ಳೆಯ ಬೂಟಿನ ಬೆಲೆಗೆ ಸಿಕ್ಕಿತೆಂದು ನಾನು ಬೀಗಿದೆ. ಅಕ್ಕ ಷರತ್ತು ಹಾಕಿದಳು: ಕಾಗದವನ್ನು ಬೋರಲೇ ಇಡಬೇಕು, ಹೊರಬಂದ ಹಾಳೆಯನ್ನೂ ಬೋರಲೇ ತಂದು ಅವಳ ಕೈಗೆ ಕೊಡಬೇಕು. ನಾನು ಮಾತು ಕೊಟ್ಟೆ. ಡಬ್ಬಿಯಿಂದ ಕಡುಬಣ್ಣದ ಕಾಗದಗಳನ್ನು ಅವಳೇ ಮೊದಲು ಆರಿಸಿಟ್ಟಳು. ತಿಳಿಯಾದವನ್ನು ಯಂತ್ರದ ಕೈ ಪಳಗಿದ ಮೇಲೆ ನೋಡೋಣವೆಂದಳು. ದಿನಕ್ಕೆ ಒಂದೇ ಕಾಗದ ಎಂಬುದೂ ಅವಳದೇ ಕಟ್ಟಳೆ. "ಎಲ್ಲಾ ಒಟ್ಟಿಗೆ ಬಂದ್ರೆ ಅದು ಕಾಗದ ಅಲ್ಲ, ಕಡತ," ಎಂದಳು.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ಬೆಳಗಿನ ತಿಂಡಿಯಾದ ಮೇಲೆ ನಾನು ಪ್ಲಗ್ ಹಾಕುತ್ತಿದ್ದೆ. ಯಂತ್ರ ಎರಡು ನಿಮಿಷ ಗುಡುಗುಡು ಎನ್ನುತ್ತಾ ನಡುಗುತ್ತಿತ್ತು. "ಇರು, ಬಾಯಿ ಮುಕ್ಕಳಿಸ್ತಿದೆ," ಎನ್ನುತ್ತಿದ್ದಳು ಅಕ್ಕ. ಆಮೇಲೆ ಒಂದು ಕಾಗದ ನಾಲ್ಕು ಹಾಳೆಗಳಾಗಿ ಹೊರಬರುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿಕೊಂಡು ಅವನ್ನು ಎತ್ತಿ ಕೊಡುತ್ತಿದ್ದೆ. ಅಕ್ಕ ಕಿಟಕಿಯ ಬಳಿ ಕುಳಿತು, ಹಾಳೆಯನ್ನು ಮೂಗಿಗೆ ಹಿಡಿದು, ಕತ್ತನ್ನು ಹಕ್ಕಿಯಂತೆ ವಾರೆ ಮಾಡಿಕೊಂಡು ಓದುತ್ತಿದ್ದಳು. ಕೆಲವೊಮ್ಮೆ ಒಂದು ಕಾಗದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಒಮ್ಮೊಮ್ಮೆ ಗೊಳ್ಳೆಂದು ನಗುತ್ತಿದ್ದಳು.

"ಏನೇ ಅದು?" ಎಂದು ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ.

"ನಿನ್ನ ವಿಷಯವೇ. ಅದಕ್ಕೇ ಹೇಳಲ್ಲ."

ಒಂದು ದಿನ ಮಾತ್ರ ತಾನಾಗಿಯೇ ಹೇಳಿದಳು: "ನಿನಗೆ ಜ್ವರ ಬಂದು ಹದಿನಾಲ್ಕು ದಿನ ಮಲಗಿದ್ಯಂತಲ್ಲೋ. ಅಮ್ಮ ನನಗೆ ಆಗ ತಿಳಿಸಿರಲೇ ಇಲ್ಲ. ಎರಡು ತಿಂಗಳಾದ ಮೇಲೆ, 'ಈಗ ಆಡ್ಕೊಂಡಿದಾನೆ, ಅದಕ್ಕೇ ಬರೀತಿದೀನಿ' ಅಂತ ಬರೆದಿದಾಳೆ." ಆ ಹದಿನಾಲ್ಕು ದಿನ ಅಮ್ಮನ ಅಂಗೈ ನನ್ನ ಹಣೆಯ ಮೇಲಿದ್ದ ತಂಪು ನನಗೆ ಕೂಡಲೇ ಮರಳಿ ಬಂತು.

ಪ್ರತಿದಿನ ಕೆಲಸ ಮುಗಿದ ಕೂಡಲೇ ನಾನು ಪ್ಲಗ್ ಕಿತ್ತಿಡುತ್ತಿದ್ದೆ. ಬೇಡದ ದೀಪ ಉರಿಯಬಾರದೆಂಬುದು ನಾನು ಮೂವತ್ತಾರು ವರ್ಷ ಮಕ್ಕಳಿಗೆ ಹೇಳಿದ ಪಾಠ. ಶಾಲೆಯಿಂದ ಕೊನೆಯಲ್ಲಿ ಹೊರಟು ಎಲ್ಲ ಸ್ವಿಚ್ಚುಗಳನ್ನೂ ಆರಿಸುತ್ತಿದ್ದವನು ನಾನೇ.

ಹದಿನಾಲ್ಕನೆಯ ಕಾಗದಕ್ಕೆ ಯಂತ್ರ ನಿಂತಿತು. ಹಳದಿ ಶಾಯಿ ಮುಗಿದಿದೆಯೆಂದು ತೋರಿಸಿತು. ಅಮ್ಮನ ಕಾಗದದಲ್ಲಿ ಹಳದಿ ಎಲ್ಲಿಂದ ಬರಬೇಕು? ಕಪ್ಪಿನಲ್ಲಷ್ಟೇ ಮಾಡೆಂದು ಗುಂಡಿ ಒತ್ತಿದರೂ ಅದು ಒಪ್ಪಲಿಲ್ಲ. ಅಂಗಡಿಗೆ ಹೋಗಿ ಕೇಳಿದೆ. ಮಾರುವ ಹುಡುಗಿ ನಕ್ಕಳು.

"ಮಷೀನ್ ಜೊತೆ ಬರೋದು ಅರ್ಧ ತುಂಬಿದ್ದು, ಅಜ್ಜಾ. ರುಚಿ ತೋರಿಸೋಕೆ."

"ಹಾಗಂತ ಡಬ್ಬದ ಮೇಲೆ ಎಲ್ಲಮ್ಮಾ ಬರೆದಿದೆ?"

"ಅದೆಲ್ಲಾ ಯಾರು ಕೇಳ್ತಾರೆ? ನಾಲ್ಕೂ ಬಣ್ಣ ಹೊಸದು ಹಾಕ್ಸೋ ದುಡ್ಡಲ್ಲಿ ಇನ್ನೊಂದು ಮಷೀನೇ ಬರುತ್ತೆ. ಎಷ್ಟೋ ಜನ ಹಳೇದನ್ನ ಎಸೆದು ಹೊಸದೇ ಒಯ್ತಾರೆ."

ಈ ಮಾತನ್ನು ಅವಳು ಒಂದಿಷ್ಟೂ ನಾಚದೆ ಹೇಳಿದಳೆಂಬುದು ನನ್ನನ್ನು ಕೆಣಕಿತು. ನಾನು ಹಳದಿಯೊಂದನ್ನೇ ಕೊಂಡೆ. ಎರಡು ಕಾಗದವಾದ ಮೇಲೆ ಕೆಂಪು ಮುಗಿಯಿತು. ಅದಾದ ಮೇಲೆ ನೀಲಿ. ಒಂದೊಂದು ಹೊಸ ಶಾಯಿಗೂ ಯಂತ್ರ ಮತ್ತೆ ಬಹಳ ಹೊತ್ತು ಮುಕ್ಕಳಿಸಿತು. ಇಪ್ಪತ್ತೆರಡು ಕಾಗದ ಮುಗಿದ ದಿನ, ಹಳದಿ ಮತ್ತೆ ಮುಗಿದಿದೆಯೆಂದಿತು.

ಅಂದು ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಈ ಮೋಸಕ್ಕೆ ಇನ್ನು ಬಿಡಿಗಾಸು ಕೊಡುವುದಿಲ್ಲವೆಂದು ಶಪಥ ಮಾಡಿ, ಯಂತ್ರ ಮಾಡಿದ ಸಂಸ್ಥೆಗೆ ಪತ್ರ ಬರೆಯಲು ಕುಳಿತೆ. ಕರಡು ತಿದ್ದಿ, ಅಂಚು ಬಿಟ್ಟು, ಪ್ಯಾರಾಗಳಿಗೆ ಸಂಖ್ಯೆ ಹಾಕಿ ಬರೆದೆ. ಮೊದಲ ಪತ್ರ ಎರಡು ಪುಟ, ಮೂರನೆಯದು ಏಳು. "ತಮ್ಮ ಸಂತೃಪ್ತಿಯೇ ನಮ್ಮ ಧ್ಯೇಯ" ಎಂಬ ಒಂದೇ ಉತ್ತರ ಮೂರು ಸಲ ಬಂತು. ಹೀಗೆ ಏಳು ವಾರ ಕಳೆದವು.

"ಧರ್ಮಯುದ್ಧ ಎಲ್ಲಿಗೆ ಬಂತೋ, ತಮ್ಮಾ?" ಎಂದು ಅಕ್ಕ ಕೇಳಿದಳು.

"ಇನ್ನೊಂದು ಹಾಕ್ತೀನಿ. ಈ ಸಲ ಸರಿಯಾದ ಉತ್ತರ ಕೊಡ್ಲೇಬೇಕು."

"ಅವರು ಕೊಡ್ಲಿ, ಬಿಡ್ಲಿ. ನೀನು ಹಳದಿ ತಂದುಬಿಡೋ."

"ತತ್ವ ಅಂತ ಒಂದಿದೆಯಲ್ಲೇ."

"ಇದೆ. ಅದಕ್ಕೆ ಕಣ್ಣು ಬೇಡ. ನನಗೆ ಬೇಕಲ್ಲ."

ಅವಳು ನಗುತ್ತಲೇ ಹೇಳಿದಳಾದ್ದರಿಂದ ನಾನೂ ನಕ್ಕು ನಾಲ್ಕನೆಯ ಪತ್ರಕ್ಕೆ ಕೈ ಹಾಕಿದೆ. ಮೂರು ದಿನದ ಮೇಲೆ, ನಾನು ಚಾಚಿದ ಚಹಾದ ಲೋಟವನ್ನು ಹಿಡಿಯಹೋದ ಅವಳ ಕೈ ಲೋಟದ ಪಕ್ಕದ ಗಾಳಿಯನ್ನು ಹಿಡಿಯಿತು. ಲೋಟ ಬಿದ್ದು ಒಡೆಯಿತು. ಪತ್ರವನ್ನು ಅಲ್ಲಿಯೇ ಬಿಟ್ಟು, ಯಂತ್ರವನ್ನು ಚೀಲಕ್ಕೆ ತುರುಕಿಕೊಂಡು ಓಡಿದೆ.

ನಾಲ್ಕು ಬೀದಿಯಾಚೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವವಳು ನನ್ನ ಹಳೆಯ ವಿದ್ಯಾರ್ಥಿನಿ. ನಲವತ್ತು ದಾಟಿದ ಹೆಂಗಸು, ಹಣೆಗೆ ಕಟ್ಟಿದ ಟಾರ್ಚು.

"ಅಯ್ಯೋ ಮೇಷ್ಟ್ರೇ, ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಅದಕ್ಕೆ ಮೂರೇ ಕಾಲು."

ಯಂತ್ರವನ್ನು ಮಗುಚಿ ನಾಲ್ಕು ತಿರುಪು ಬಿಚ್ಚಿದಳು. "ಪ್ಲಗ್ ಎಷ್ಟು ದಿನಕ್ಕೊಮ್ಮೆ ಕೀಳ್ತೀರಿ?"

"ದಿನಾ. ಕೆಲಸ ಆದ ಕೂಡಲೇ," ಎಂದೆ ಹೆಮ್ಮೆಯಿಂದ.

ಅವಳು ಒಳಗಿನಿಂದ ಒಂದು ತಟ್ಟೆಯನ್ನು ಎಳೆದು ನನ್ನ ಮುಂದಿಟ್ಟಳು. ಅದರಲ್ಲಿ ಅಂಗೈಯಗಲದ ಸ್ಪಂಜು, ಕೆಸರಿನಂತೆ ಕಪ್ಪಾಗಿ ಊದಿಕೊಂಡಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಶಾಯಿ ಒಸರಿ ತಟ್ಟೆಯ ಮೂಲೆಗೆ ಹರಿಯಿತು.

"ಪ್ಲಗ್ ಹಾಕಿದಾಗೆಲ್ಲಾ ಇದು ಬಾಯಿ ತೊಳ್ಕೊಳ್ಳುತ್ತೆ. ನೀರಲ್ಲಲ್ಲ, ಶಾಯೀಲಿ. ನಾಲ್ಕೂ ಬಣ್ಣ. ಉಗಿಯೋದು ಇಲ್ಲಿಗೆ. ಸುಮ್ನೆ ಗುಂಡಿ ಒತ್ತಿ ಮಲಗಿಸಿ, ಪ್ಲಗ್ ಹಾಗೇ ಬಿಟ್ಟಿದ್ರೆ ಇಷ್ಟು ಆಗ್ತಿರಲಿಲ್ಲ."

"ಇದನ್ನ ಎಲ್ಲಿ ಬರೆದಿದಾರಮ್ಮಾ?"

"ಜೊತೇಲಿ ಕೊಡೋ ಪುಸ್ತಕದಲ್ಲಿ. ಹಿಂದೆ ಎಲ್ಲೋ, ಇರುವೆಕಾಲಿನಷ್ಟು ಅಕ್ಷರದಲ್ಲಿ. ಯಾರೂ ಓದಲ್ಲ. ನೀವೇ ಓದಿಲ್ಲ ನೋಡಿ." ಸ್ಪಂಜನ್ನು ನೋಡುತ್ತಾ ಅವಳೇ ಮುಂದುವರಿಸಿದಳು: "ಏಳನೇ ಕ್ಲಾಸಲ್ಲಿ ಶಾಯಿ ಚೆಲ್ಲಿದೆ ಅಂತ ನನ್ನ ಬೆಂಚಿನ ಮೇಲೆ ಒಂದು ಪೀರಿಯಡ್ ನಿಲ್ಲಿಸಿದ್ರಿ. ಇದನ್ನ ಎಷ್ಟು ಹೊತ್ತು ನಿಲ್ಲಿಸ್ತೀರಿ, ಮೇಷ್ಟ್ರೇ?"

ಅಮ್ಮ ಎರಡು ವರ್ಷ ಬರೆದ ಕಾಗದಗಳಿಗೆಲ್ಲ ಒಂದು ಬಾಟಲಿ ಪೂರ್ತಿ ಖರ್ಚಾಗಿರಲಾರದು, ಅದರಲ್ಲೂ ನೀರಿತ್ತು. ಉಳಿಸುವವನನ್ನೇ ಹುಡುಕಿ ಸುಲಿಯುವಂತೆ ಒಂದು ಯಂತ್ರವನ್ನು ಕಟ್ಟುತ್ತಾರೆಂದರೆ, ಅದನ್ನು ಕಟ್ಟಿದವರು ಯಾವ ಶಾಲೆಯಲ್ಲಿ ಏನು ಕಲಿತರು?

ಅವಳು ಸ್ಪಂಜು ತೊಳೆದು, ಹೊಸ ಹಳದಿ ಹಾಕಿಕೊಟ್ಟಳು. ಮರುದಿನ ಬೆಳಿಗ್ಗೆ ನಾನು ಅಕ್ಕನ ಕಟ್ಟಳೆಯನ್ನು ಮುರಿದು, ಉಳಿದ ಹನ್ನೊಂದು ಕಾಗದಗಳನ್ನೂ ಒಂದೇ ಸಲ ತೆಗೆದೆ. ತಿಳಿನೀಲಿಯ ಕಾಗದಗಳು, ಕಪ್ಪನ್ನು ಪೂರ್ತಿ ಏರಿಸಿದೆ. ನಲವತ್ತನಾಲ್ಕು ಹಾಳೆಗಳನ್ನು ಬೋರಲೇ ಜೋಡಿಸಿ ಕಿಟಕಿಯ ಬಳಿ ಅವಳ ಮಡಿಲಲ್ಲಿಟ್ಟೆ.

ಅಕ್ಕ ಮೊದಲ ಹಾಳೆಯನ್ನು ತಿರುಗಿಸಿ ಹಿಡಿದಳು. ಕತ್ತು ವಾರೆ ಮಾಡಿದಳು. ಹಾಳೆಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು.

"ಅಂಚು ಕಾಣ್ತಿದೆ," ಎಂದಳು. "ಅಂಚಲ್ಲಿ ಬರೆದಿದಾಳಲ್ಲ, ಅದರಲ್ಲಿ ಒಂದೆರಡು ಅಕ್ಷರ ಕಾಣುತ್ತೆ. ದಿಟ್ಟಿಸಿದ್ರೆ ಅದೂ ಹೋಗುತ್ತೆ."

"ಇನ್ನೂ ದೊಡ್ಡದು ಮಾಡ್ತೀನಿ, ಇರು."

ಯಂತ್ರಕ್ಕೆ ಸಾಧ್ಯವಿದ್ದಷ್ಟು ಹಿಗ್ಗಿಸಿದೆ. ಒಂದು ಹಾಳೆಯಲ್ಲಿ ನಾಲ್ಕೈದು ಪದ ಮಾತ್ರ ಬಂದವು. ಒಂದು ಅಕ್ಷರ ಹಿಡಿದು ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಅವಳ ಕೈತಪ್ಪುತ್ತಿತ್ತು. ಮಧ್ಯಾಹ್ನದವರೆಗೆ ಪ್ರಯತ್ನಿಸಿ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಸಾಕು ಬಿಡೋ. ಅಮ್ಮ ಗೋಡೆಯಷ್ಟು ದೊಡ್ಡದಾಗಿ ಬರೆದ್ರೂ ಇನ್ನು ಆಗಲ್ಲ."

"ನಾನು ಓದ್ಲಾ, ಅಕ್ಕಾ?"

ಅವಳು ಮಡಿಲಿನ ಹಾಳೆಗಳನ್ನು ಒಂದೊಂದಾಗಿ ಬೋರಲು ಹಾಕಿದಳು. "ಬೇಡ. ಮಾತು ಕೊಟ್ಟು ಇಷ್ಟು ದಿನ ಗೋಡೆ ನೋಡ್ಕೊಂಡು ನಿಂತಿದ್ದೀಯ. ನನಗೇ ಏನು ಬರೆದಿದೆ ಅಂತ ನೆನಪಿಲ್ಲದೆ ಇದ್ದಾಗ, ಅಮ್ಮನ ಪರವಾಗಿ ನಿನಗೆ ಹೇಗೆ ಒಪ್ಪಿಗೆ ಕೊಡ್ಲಿ?"

ನನ್ನನ್ನು ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಶಾಯಿ ಮುಗಿದ ವಾರವೇ ನಾನು ಹಲ್ಲು ಕಚ್ಚಿ ಇನ್ನೊಂದು ಹಳದಿ ಕೊಂಡಿದ್ದರೆ, ಆ ಹನ್ನೊಂದು ಕಾಗದಗಳನ್ನು ಅವಳು ಓದುತ್ತಿದ್ದಳು. ತಿಂಗಳ ಕೊನೆಯಲ್ಲಿ, ಬಾಟಲಿಗೆ ನೀರು ಬೆರೆಸಿದ ಮಧ್ಯಾಹ್ನಗಳಲ್ಲಿ, ಅಮ್ಮ ತನ್ನ ಮಗಳಿಗೆ ಏನನ್ನು ಹೇಳಿಕೊಂಡಳೋ ಇನ್ನು ಯಾರಿಗೂ ತಿಳಿಯದು. ಆ ಶಾಯಿಯ ನಿಜವಾದ ಬೆಲೆ ನನ್ನ ಮಟ್ಟಿಗೆ ಇದು. ಇದನ್ನು ಯಾವ ಅಂಗಡಿಯ ಚೀಟಿಯಲ್ಲೂ ಬರೆದಿರಲಿಲ್ಲ. ಆ ಸಂಸ್ಥೆ ತಪ್ಪಿತಸ್ಥ ಎಂಬ ನನ್ನ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ. ನಾಲ್ಕನೆಯ ಪತ್ರವನ್ನು ಮುಗಿಸಿ ಕಳುಹಿಸಿದ್ದೇನೆ. ಆದರೆ ಅವರು ಕದ್ದದ್ದು ಶಾಯಿ. ಏಳು ವಾರಗಳನ್ನು ಕಳೆದವನು ನಾನು.

ಓದುಗರೇ, ನಿಮ್ಮ ಮನೆಯಲ್ಲಿ ಕಣ್ಣು ಮಂಜಾಗುತ್ತಿರುವವರು ಇದ್ದರೆ, ಅವರು ಓದಬೇಕೆಂದುಕೊಂಡಿರುವುದೇನೆಂದು ಇಂದೇ ಕೇಳಿ. ದುಬಾರಿಯಾದರೂ ಶಾಯಿ ತಂದು, ದೊಡ್ಡದಾಗಿ ಮಾಡಿ ಅವರ ಕೈಗಿಡಿ. ಅವರು ಓದಿ ಮುಗಿಸಿದ ಮರುದಿನ, ದಯವಿಟ್ಟು, ಆ ಯಂತ್ರ ಮಾಡಿದವರಿಗೆ ನೀವೂ ಒಂದು ಪತ್ರ ಬರೆಯಿರಿ.