ಕುಳ್ಳ ಬಾಗಿಲಿನ ಗಂಟೆ

"ನಿಲ್ಲಿಸ್ರಪ್ಪಾ, ಇಲ್ಲೇ ನಿಲ್ಲಿಸಿ!"

ಗೊಲಂದಾಮ್ ತಲೆಯಿಂದ ಕಾಲತನಕ ಹೊದ್ದ ಕಪ್ಪು ಚಾದರದೊಳಗಿಂದಲೇ ಕೈ ಚಾಚಿ ಕೂಗಿದಳು. ಅವಳ ಗಂಡ ಸಫ್ದರ್‌ನ ಶವಪೆಟ್ಟಿಗೆ ಹೊತ್ತಿದ್ದ ಜಟ್ಟಿಗಳು ಗರಡಿಮನೆಯೆದುರು ಗಕ್ಕನೆ ನಿಂತರು. ಇರಾನಿನ ಕೆರ್ಮಾನ್‌ಶಾಹ್‌ ಊರಿನ ಆ ಅಗಲ ರಸ್ತೆಯಲ್ಲಿ ಹಿಂದಿನ ಕಾರುಗಳು ಹಾರ್ನ್ ಹೊಡೆದವು.

ನಗರಸಭೆಯ ಸದಸ್ಯನೊಬ್ಬ ಓಡಿಬಂದ. "ಅಕ್ಕಾ, ಮಸೀದಿ ಹತ್ರ ಜನ ಕಾಯ್ತಿದ್ದಾರೆ. ಈಗ ಗರಡಿ ಯಾಕೆ?"

"ಕಾಯ್ಲಿ ಬಿಡಪ್ಪ. ಓಟು ಕೇಳೋವಾಗ ನಿಮಗೆ ನಮ್ಮನೆಯವರ ಕಿವಿ ಬೇಕಾಗಿತ್ತು. ಈಗ ಒಂದು ಗಳಿಗೆ ನಿಲ್ಲೋಕಾಗಲ್ವಾ?"

ಅವನು ಪಕ್ಕಕ್ಕೆ ಸರಿದ. ಕುಸ್ತಿಯಲ್ಲಿ ಜಜ್ಜಿ ಮುದುಡಿಹೋದ ಸಫ್ದರ್‌ನ ಕಿವಿಗಳನ್ನು ಪೋಸ್ಟರಿನಲ್ಲಿ ದೊಡ್ಡದಾಗಿ ಹಾಕಿಸಿಯೇ ಈ ಮಂದಿ ಸಫ್ದರ್‌ನನ್ನು ನಗರಸಭೆಗೆ ಗೆಲ್ಲಿಸಿದ್ದು ಊರಿಗೆಲ್ಲ ಗೊತ್ತಿತ್ತು.

ಗರಡಿಯ ಬಾಗಿಲು ಕುಳ್ಳನೆಯದು. ಎಂಥ ಶೂರನೂ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಹೆಸರಾಂತ ಜಟ್ಟಿ ಹಾಗೆ ಬಂದಾಗ, ಡೋಲು ಬಾರಿಸಿ ಹಾಡುವ ಮುರ್ಶಿದ್ ಅವನ ಮರ್ಯಾದೆಗೆ ಗಂಟೆ ಹೊಡೆಯುತ್ತಾನೆ. ಸಫ್ದರ್‌ಗೆ ಆ ಗಂಟೆ ನಿಂತು ವರ್ಷಗಳಾಗಿದ್ದವು. ಹೆಂಗಸರು ಒಳಗೆ ಹೋಗುವಂತಿಲ್ಲ. ಗೊಲಂದಾಮ್ ಇಂದು ಬಯಸಿದ್ದು ಆ ಸದ್ದೊಂದನ್ನೇ.

*

ವರ್ಷಗಳ ಹಿಂದೆ ಒಂದು ಸಂಜೆ ನಗರಸಭೆಯಿಂದ ಬಂದ ಸಫ್ದರ್ ಚಹಾ ಮುಟ್ಟಲಿಲ್ಲ.

"ಕೈ ಎತ್ತಿಬಿಟ್ಟೆ ಕಣೇ."

"ಯಾತಕ್ಕೆ?"

"ರಸ್ತೆ ಅಗಲ ಮಾಡೋದಕ್ಕೆ. ಎಲ್ಲರೂ ಎತ್ತಿದ್ರು, ನಾನೂ ಎತ್ತಿದೆ. ಆಮೇಲೆ ನಕ್ಷೆ ಬಿಚ್ಚಿದ್ರು. ಮುರ್ಶಿದ್ ನೂರಲಿ ಮನೆ, ಆ ಇಡೀ ಓಣಿ, ಎಲ್ಲಾ ಹೋಗುತ್ತೆ."

"ನೋಡದೇನೇ ಎತ್ತಿದ್ರಾ?"

ಅವನು ತನ್ನ ಬಲಗೈಯನ್ನೇ ನೋಡುತ್ತ ಕೂತ. "ಅಖಾಡದಲ್ಲಿ ರೆಫರಿ ನಮ್ಮ ಕೈ ಎತ್ತಿದ್ರೆ ಗೆದ್ದೆ ಅಂತ ತಾನೇ? ಅದೇ ಅಭ್ಯಾಸ. ಕೈ ಮೇಲೆ ಹೋದಾಗ ಖುಷಿನೇ ಆಯ್ತು ಕಣೇ."

ಓಣಿ ನೆಲಸಮವಾಯಿತು, ಗರಡಿ ಉಳಿಯಿತು. ಮುಂದೆ ಸಫ್ದರ್ ಇನ್ನೆರಡು ಸಲ ಗೆದ್ದ. ಮತ್ತೆಂದೂ ನಕ್ಷೆ ನೋಡದೆ ಕೈ ಎತ್ತಲಿಲ್ಲ. ಆದರೆ ಬಿದ್ದ ಮನೆಗಳು ಬಿದ್ದವೇ.

*

ಮುರ್ಶಿದ್ ನೂರಲಿ ಬಾಗಿಲಿಗೆ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಒಳಗೆ ತನ್ನಿ, ಬೇಡ ಅನ್ನಲ್ಲ. ಗಂಟೆ ಮಾತ್ರ ಕೇಳಬೇಡಮ್ಮ ತಂಗಿ. ಗಂಟೆ ಇರೋದು ಜಟ್ಟಿಗೆ, ಮೆಂಬರಿಗಲ್ಲ. ನಮ್ಮಮ್ಮ ಯಾರದೋ ಬಾಡಿಗೆ ಮನೇಲಿ ಪ್ರಾಣ ಬಿಟ್ಟಳು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದರಿಂದಲೇ ಗೊಲಂದಾಮ್‌ಗೆ ಹೆಚ್ಚು ಸಂಕಟವಾಯಿತು.

ಅಷ್ಟರಲ್ಲಿ ಗರಡಿಯ ಹಿರಿಯ ಜಟ್ಟಿ ಮುರಾದ್ ಕಾಕಾ ಕೋಲೂರುತ್ತ ಬಂದ. ಹುಡುಗರು ದಾರಿ ಬಿಟ್ಟರು. "ಕಾಕಾ, ನೀವು ನಡೀರಿ ಮುಂದೆ."

"ನಾನ್ಯಾಕ್ರೋ ಮುಂದೆ?" ಎಂದು ಅವನು ಗೊಲಂದಾಮ್‌ಳತ್ತ ತಿರುಗಿದ. "ಸಫ್ದರ್ ನಿನಗೆ ಹೇಳಿರಲ್ಲ ಮಗಳೇ. ಪ್ರತಿ ಗುರುವಾರ ರಸ್ತೆ ಆಚೆಗಿರೋ ಆ ಹಿಪ್ಪುನೇರಳೆ ಮರದ ಕೆಳಗೆ ನಿಂತಿರ್ತಿದ್ದ. ಹಿಮ ಬಿದ್ರೂ ಅಲ್ಲೇ. ನಾನು ಬಂದು ಬಗ್ಗಿ ಒಳಗೆ ಹೋದ್ರೆ ನನ್ನ ಬೆನ್ನಿಗೇ ಬಂದು, ನನ್ನ ಗಂಟೆ ಸದ್ದು ಇರೋವಾಗ್ಲೇ ಮೂಲೇಲಿ ಕೂತ್ಬಿಡ್ತಿದ್ದ."

"ಯಾಕೆ ಕಾಕಾ?"

"ನಾನೂ ಕೇಳಿದೆ. 'ಒಬ್ಬನೇ ಹೋದ್ರೆ, ಗಂಟೆ ಯಾಕೆ ಹೊಡೀಲಿಲ್ಲ ಅಂತ ಎಲ್ಲರೂ ಮುರ್ಶಿದ್ ಮುಖ ನೋಡ್ತಾರೆ ಕಾಕಾ. ಮನೆ ಕಳ್ಕೊಂಡವರಿಗೆ ಅದು ಬೇರೆ ಕಷ್ಟ ಯಾಕೆ' ಅಂದ."

ನೂರಲಿ ಆ ಮರವನ್ನು ನೋಡಿದ. ತಟ್ಟನೆ ತಿರುಗಿ ಒಳಗೆ ಹೋಗಿಬಿಟ್ಟ.

ಹುಡುಗರು ಪೆಟ್ಟಿಗೆಯನ್ನು ಹೆಗಲಿನಿಂದ ಕೈಗಿಳಿಸಿಕೊಂಡರು. ಮುರಾದ್ ಕಾಕಾ ಅಲ್ಲಾಡಲಿಲ್ಲ. "ಇವತ್ತು ಅವನು ಮುಂದೆ ಹೋಗಲಿ," ಎಂದ.

ಗೊಲಂದಾಮ್ ರಸ್ತೆ ದಾಟಿ ಹಿಪ್ಪುನೇರಳೆ ಮರದ ಕೆಳಗೆ ಹೋಗಿ ನಿಂತಳು. ಅಲ್ಲಿಂದ ಅವಳಿಗೆ ಕಂಡದ್ದು ಬಗ್ಗಿದ ಬೆನ್ನುಗಳು, ಅವುಗಳ ನಡುವೆ ಮೆಲ್ಲಗೆ ಒಳಗೆ ಸರಿಯುವ ಪೆಟ್ಟಿಗೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ಅವಳು ಕಣ್ಣು ಮುಚ್ಚಿದಳು.

ಗಂಟೆ ಬಾರಿಸಿತು.

ಚಾದರದ ಅಂಚನ್ನು ಬಾಯಿಗೊತ್ತಿಕೊಂಡು ಅವಳು ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತಳು. ಆ ಸದ್ದು ಇನ್ನೂ ಅಡಗಿರಲಿಲ್ಲ. ಮುರಾದ್ ಕಾಕಾ ಕೋಲನ್ನು ಗೋಡೆಗೆ ಒರಗಿಸಿ, ತಲೆ ತಗ್ಗಿಸಿ, ಪೆಟ್ಟಿಗೆಯ ಬೆನ್ನಿಗೇ ಲಗುಬಗೆಯಿಂದ ಒಳಗೆ ಸೇರಿಕೊಂಡ. ಅವನಿಗೆಂದು ಬೇರೆ ಗಂಟೆ ಬಾರಿಸಲಿಲ್ಲ.