ಖಾಲಿ ಕಂಡ ಸೀಸೆ

ಗೋಕಾಕದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಫ್ರಿಜ್ ಕೆಟ್ಟಿತೆಂದು ಸೊಸೆ ಶೈಲಾ ಶನಿವಾರ ಕಿರುಬೆರಳಿನಷ್ಟು ಸೀಸೆಯೊಂದನ್ನು ಐಸಿನ ಡಬ್ಬಿಯಲ್ಲಿಟ್ಟು ಘೋಡಗೇರಿಯ ಮನೆಗೆ ತಂದಳು. ಅದನ್ನು ಫ್ರಿಜ್ಜಿನ ಮೇಲಿನ ಖಾನೆಗೆ ಸೇರಿಸಿದ್ದನ್ನು ಕುರಿಗಾರ ಮಾಳಪ್ಪ ಕಂಬಳಿಯ ಮೇಲೆ ಕೂತಲ್ಲಿಂದಲೇ ನೋಡಿದ.

"ಏನವ್ವಾ ಅದು?"

"ಮನುಷ್ಯಾರ ಮೈಯಾಗ ಇರೂ ಪ್ರೋಟೀನ್ ರಿ, ಮಾವಾರ. ಶುದ್ಧ ಮಾಡಿದ್ದು. ನಮ್ಮ ಸಂಶೋಧನಾಕ್ಕ ಬೇಕು."

"ಯಾರ ಮೈಯಾಗಿಂದ ತಗದಾರ?"

"ಯಾರ ಮೈಯಾಗಿಂದೂ ಅಲ್ರಿ. ಮನುಷ್ಯಾರ ಜೀನು ಬ್ಯಾಕ್ಟೀರಿಯಾದಾಗ ಹಾಕ್ತಾರ, ಅವು ಮಾಡಿ ಕೊಡ್ತಾವು."

"ಮನುಷ್ಯಾಂದಂತ, ಮನುಷ್ಯಾಂದಲ್ಲಂತ! ಚಲೋ ಹೇಳ್ತಿ ಬಿಡು."

ಅಷ್ಟಕ್ಕೇ ಬಿಟ್ಟಿದ್ದರೆ ಅವನೂ ಮರೆಯುತ್ತಿದ್ದ. ಚಹಾ ಕೊಡುತ್ತ ಅವಳು ಕೇಳಿದಳು: "ಮಾವಾರ, ಹಿಂಡಿನ್ಯಾಗ ಯಾವುದಕ್ಕ ಇನ್ನೂ ಸೂಜಿ ಮಾಡಿಸಿಲ್ರಿ?"

ಮಾಳಪ್ಪ ಚಹಾ ಸೊರ್ರನೆ ಹೀರಿದ. ಸೂಜಿ ಕಾಣದ್ದು ಒಂದೇ: ಕುಲದೇವರು ಮಾಲಿಂಗರಾಯನ ಹೆಸರಿಗೆ ಬಿಟ್ಟ ಟಗರು. ಅದರ ಉಣ್ಣೆಗೆ ಕತ್ತರಿ ತಾಗಬಾರದು, ಚರ್ಮಕ್ಕೆ ಮೊನೆ ತಾಗಬಾರದು. ಇದು ಅವನ ಅಜ್ಜ ಕೊಟ್ಟ ಮಾತು.

ಮರುದಿನ ಬೆಳಿಗ್ಗೆ ಶೈಲಾ ಜಳಕಕ್ಕೆ ಹೋದಾಗ ಸೀಸೆ ತೆಗೆದು ಬಿಸಿಲಿಗೆ ಹಿಡಿದ. ಒಳಗೆ ಏನೂ ಇಲ್ಲ. ರಾತ್ರಿಯೇ ಟಗರಿಗೆ ಚುಚ್ಚಿಬಿಟ್ಟಳೇನೋ ಎಂದುಕೊಂಡ. ಸೀಸೆಯನ್ನು ಕಿಸೆಗೆ ಹಾಕಿ ದೊಡ್ಡಿಗೆ ನಡೆದ. ಟಗರನ್ನು ಮೊಣಕಾಲ ನಡುವೆ ಹಿಡಿದು, ಡೊಳ್ಳಿನ ಪದವೊಂದನ್ನು ಗುನುಗುತ್ತ, ತೊಡೆಯಿಂದ ಕೊರಳವರೆಗೆ ಉಣ್ಣೆ ಬಿಡಿಸಿ ಬಿಡಿಸಿ ನೋಡಿದ. ಎಲ್ಲೂ ತೂತಿಲ್ಲ. ಆದರೂ ಉಣ್ಣೆ ದಟ್ಟ, ಸೂಜಿ ಸಣ್ಣದು.

ಶೈಲಾ ಒದ್ದೆ ಕೂದಲಲ್ಲೇ ಓಡಿಬಂದಳು. "ಮಾವಾರ, ಬಾಟ್ಲಿ ನೀವ ತಗದ್ರೇನು?"

"ಖಾಲಿ ಬಾಟ್ಲಿಗೆ ಇಷ್ಟ್ಯಾಕ ಓಡಾಟ? ಒಳಗಿಂದು ಯಾರಿಗೆ ಚುಚ್ಚಿದಿ?"

"ಅಯ್ಯ, ಖಾಲಿ ಅಲ್ರಿ! ಕುರಿ ಲಸಿಕೆ ಒಣಗಿಸಿ ಕಳಸ್ತಾರಲ್ಲ, ಇದೂ ಹಂಗ. ಬಾಳ ಸ್ವಲ್ಪ ಐತಿ, ಗಾಜಿಗೆ ಹತ್ತಿದ್ದು ಕಣ್ಣಿಗೆ ಕಾಣೂದಿಲ್ಲ."

ಲಸಿಕೆಯ ಸೀಸೆಯ ತಳದ ಒಣ ಬಿಳಿ ಹೆಂಟೆ ಮಾಳಪ್ಪನ ಕಣ್ಣ ಮುಂದೆ ಬಂತು. ಅದಕ್ಕೆ ತಣ್ಣೀರು ಸೇರಿಸಿ ಅಲುಗಾಡಿಸುವುದನ್ನು ಇಪ್ಪತ್ತು ವರ್ಷ ನೋಡಿದವನು ಅವನು. ದನಿ ತಗ್ಗಿತು. "ಬೆಚ್ಚಗಾಗಿ ಕೆಟ್ಟಿತೇನು?"

"ನೀರ ಹಾಕಿದ್ರ ಕೆಡತಿತ್ರಿ. ಒಣಾ ಐತಿ, ತಡೀತೈತಿ."

"ಹಂಗಾರ ಸೂಜಿ ಮಾಡದ ಕುರಿ ಯಾಕ ಕೇಳಿದಿ?"

"ಬೆಲ್ಲದ ಬಾಗೇವಾಡ್ಯಾಗ ಮೂಗ ಸುರದು ಕುರಿ ಸಾಯಾಕತ್ತಾವ್ರಿ. ನಮ್ಮಲ್ಲಿ ಯಾವುದೂ ಉಳೀಬಾರದಂತ ಕೇಳಿದೆ."

ಮಾಳಪ್ಪನ ಕೈ ತಾನಾಗಿ ಟಗರಿನ ಮೂಗಿಗೆ ಹೋಯಿತು. ಒಣಗಿಯೇ ಇತ್ತು. 

"ಇದೊಂದ ಉಳದೈತಿ. ಭಂಡಾರದ ಅರಿಷಿಣ ಹಚ್ಚಿ ದೇವರನ್ನ ಕೇಳ್ತೇನಿ. ಹೂಂ ಅಂದ್ರ ದನದ ಡಾಕ್ಟರನ್ನ ಕರಸು. ಸೂಜಿ ಅವನ ಮಾಡ್ಲಿ."

ಸೀಸೆ ಅವಳ ಕೈಗಿಟ್ಟು, ನಾಲ್ಕು ಹೆಜ್ಜೆ ಹೋದವಳನ್ನು ಮತ್ತೆ ಕೂಗಿದ:

"ಶೈಲವ್ವಾ, ಅದನ್ನ ಫ್ರಿಜ್ಜಿನ್ಯಾಗ ಇಟ್ಟು ಕೀಲಿ ಹಾಕು. ಕೀಲಿ ಮಾತ್ರ ನನ್ನ ಕಡೆ ಕೊಡು."